ಸಿಹಿ ತಿಂದವರು ಯಾರು?

ಹಣ್ಣು ಹಾಕಿದ ಬಿಯರ್ ಸಿಹಿಯಾಗಿರುತ್ತದೆ ಎಂದು ಯಾರು ಹೇಳಿದರು?

ಗ್ಲಾಸು ತುಂಬ ಗಾಢ ಕೆಂಪು. ಮೇಲೆ ಗುಲಾಬಿ ಬಣ್ಣದ ನೊರೆ, ಸುಯ್ ಎಂದು ಸದ್ದು ಮಾಡುತ್ತಾ ನೋಡನೋಡುತ್ತಲೇ ಮಾಯ. ಮೂಗಿನ ಹತ್ತಿರ ತಂದರೆ ಚೆರ್ರಿ, ಅನುಮಾನವೇ ಇಲ್ಲ, ಈಗಷ್ಟೇ ಮರದಿಂದ ಕಿತ್ತು ತಂದ ಚೆರ್ರಿ! ನಾಲಿಗೆ ಸಿಹಿಗೆ ತಯಾರಾಗಿ ಕೂತಿದೆ. ಒಂದು ಗುಟುಕು. ಅಬ್ಬಾ! ದವಡೆಯ ಎರಡೂ ಬದಿ ಜುಮ್ಮೆಂದಿತು, ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ಹುಳಿ, ಬರೀ ಹುಳಿ! ಆ ಹುಳಿಯ ಹಿಂದೆಯೇ ಹಣ್ಣಿನ ಸಿಪ್ಪೆಯ ಒಗರು, ಅದರ ಹಿಂದೆ ಬಾದಾಮಿಯ ಎಳೆ, ಅದರ ಹಿಂದೆ ಒಣಹುಲ್ಲು, ಹಳೆಯ ಮರ, ನಿಂಬೆ ಸಿಪ್ಪೆ. ಗಂಟಲಿಗಿಳಿದ ಮೇಲೆ ಬಾಯಲ್ಲಿ ಉಳಿದದ್ದು ಚೆರ್ರಿಯ ವಾಸನೆ ಮಾತ್ರ. ಸಿಹಿಯ ಸುಳಿವೂ ಇಲ್ಲ. ಜೊತೆಗೆ ಬಂದಿದ್ದವನು ಧಾರವಾಡದ ಗೆಳೆಯ, ಬ್ರಸೆಲ್ಸ್‌ನಲ್ಲಿ ನೌಕರಿ. "ಅಬಾಬಾಬಾ, ಎಷ್ಟ್ ಹುಳಿ ಐತಲೇ ಇದು!" ಎಂದು ಮುಖ ಕಿವಿಚಿದ. ಕಿವಿಚಿದ ಮುಖ ಸರಿಹೋಗುವ ಮೊದಲೇ ಗ್ಲಾಸು ಮತ್ತೆ ತುಟಿಗೆ ಹೋಗಿತ್ತು!

ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಗೋಧಿ ಬಿಯರ್ ಕುಡಿದವರಿಗೆ ಅದರ ಗುಣ ಗೊತ್ತು: ಮಬ್ಬು ಹಳದಿ, ಬಾಳೆಹಣ್ಣಿನ ಘಮ, ಮೆತ್ತಗೆ ಇಳಿಯುವ ಸಾಧು ಪಾನೀಯ. ಬೇಸಿಗೆಯಲ್ಲಿ ಅದಕ್ಕೆ ಮಾವಿನಹಣ್ಣು ಸೇರಿದರೆ ಇನ್ನೂ ಸಾಧು. ಇಲ್ಲಿಯೂ ಗೋಧಿಯಿದೆ, ಹಣ್ಣಿದೆ. ಆದರೆ ಇದು ಆ ಜಾತಿಯದೇ ಅಲ್ಲ! ಇದರ ಹೆಸರು ಕ್ರೀಕ್. ಲ್ಯಾಂಬಿಕ್ ಎಂಬ ಹುಳಿ ಬಿಯರನ್ನು ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿಟ್ಟು, ಅದಕ್ಕೆ ಇಡೀ ಚೆರ್ರಿಗಳನ್ನು ಬೀಜಸಮೇತ ಸುರಿದು ಮಾಡುವ ಬಿಯರ್. ಮದ್ಯಾಂಶ ಸಾಧಾರಣವಾಗಿ ಶೇ 5–6 ಇರಬಹುದು, ಗುಟುಕಿನ ಖದರು ಮಾತ್ರ ಅದರ ಹತ್ತರಷ್ಟು. ನಾವು ನಿಂತಿದ್ದ ಜಾಗ ಕಾಂತಿಯೋನ್. 1900ರಲ್ಲಿ ಪಾಲ್ ಕಾಂತಿಯೋನ್ ಮತ್ತು ಹೆಂಡತಿ ಮರಿ ಟ್ರೋಕ್ ಶುರುಮಾಡಿದ, ಬ್ರಸೆಲ್ಸ್‌ನ ಆಂಡರ್‌ಲೆಕ್ಟ್ ಭಾಗದಲ್ಲಿ ಇಂದಿಗೂ ಮನೆತನದ ಕೈಯಲ್ಲೇ ಇರುವ ಬಿಯರ್ ಮನೆ.

ಇಲ್ಲಿ ಲೀಟರೊಂದಕ್ಕೆ ಸುಮಾರು 200 ಗ್ರಾಂ ಹಣ್ಣು ಹಾಕುತ್ತಾರೆ. ಒಂದು ಲೀಟರಿಗೆ ಬೊಗಸೆ ತುಂಬ ಚೆರ್ರಿ! ಅಷ್ಟು ಹಣ್ಣಿನ ಸಕ್ಕರೆಯೆಲ್ಲ ಎಲ್ಲಿ ಹೋಯಿತು? ಯಾರು ತಿಂದರು? ಕೇಳುತ್ತಾ ಹೋದರೆ ಉತ್ತರ ಸಿಗುವುದು ಕಟ್ಟಡದ ತುತ್ತತುದಿಯಲ್ಲಿ, ಹೆಂಚಿನ ಕೆಳಗಿನ ಅಟ್ಟದಲ್ಲಿ.

ಒಂದು ರಾತ್ರಿ, ಒಂದು ತಾಮ್ರದ ತೊಟ್ಟಿ

ಕಿರಿದಾದ ಮೆಟ್ಟಿಲು ಹತ್ತಿ ಅಟ್ಟಕ್ಕೆ ಬಂದರೆ ಕಣ್ಣೆದುರು ಕೋಣೆಯಗಲದ ತಾಮ್ರದ ತೊಟ್ಟಿ. ಆಳ ಮೊಣಕಾಲು ಮುಟ್ಟುವಷ್ಟೂ ಇಲ್ಲ, ಅಗಲ ಮಾತ್ರ ನೋಡಿದಷ್ಟೂ ಇದೆ! ಕೆಳಗಿನ ಮಹಡಿಗಳಲ್ಲಿ ಶೇ 35ರಷ್ಟು ಮೊಳಕೆ ಬರಿಸದ ಹಸಿ ಗೋಧಿ, ಉಳಿದಂತೆ ಬಾರ್ಲಿ ಮಾಲ್ಟ್ ಸೇರಿಸಿ ಬಿಸಿನೀರಿನಲ್ಲಿ ಕಲಸುತ್ತಾರೆ. ಬಂದ ರಸವನ್ನು ಗಂಟೆಗಟ್ಟಲೆ ಕುದಿಸುತ್ತಾರೆ. ಹತ್ತು ಸಾವಿರ ಲೀಟರು ಕುದಿದು ಕುದಿದು ಏಳೂವರೆ ಸಾವಿರಕ್ಕೆ ಇಳಿಯುತ್ತದೆ. ಆ ಕುದಿಯುವ ರಸವನ್ನು ಪಂಪಿನಲ್ಲಿ ಮೇಲೆತ್ತಿ ಈ ತೊಟ್ಟಿಗೆ ಬಿಡುತ್ತಾರೆ. ಅಟ್ಟದ ತುಂಬ ಹಬೆ! ಕಿಟಕಿಗಳು ತೆರೆದೇ ಇರುತ್ತವೆ. ಆಮೇಲೆ ಬಿಯರ್ ಮಾಡುವವರು ಏನು ಮಾಡುತ್ತಾರೆ ಗೊತ್ತೇ? ಮನೆಗೆ ಹೋಗಿ ಮಲಗುತ್ತಾರೆ!

ಯೀಸ್ಟ್ ಹಾಕುವುದಿಲ್ಲ. ಒಂದು ಚಿಟಿಕೆಯೂ ಇಲ್ಲ. ರಾತ್ರಿಯಿಡೀ ತಣ್ಣನೆಯ ಗಾಳಿ ಆ ಬಿಸಿ ರಸದ ಮೇಲೆ ಆಡುತ್ತದೆ, ಬೆಳಗಾಗುವ ಹೊತ್ತಿಗೆ ರಸ 20 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟರಲ್ಲಿ ಗಾಳಿಯಲ್ಲಿ ತೇಲುವ, ಹಳೆಯ ತೊಲೆಗಳಲ್ಲಿ ಮನೆಮಾಡಿದ ಕಾಡು ಯೀಸ್ಟು, ಬ್ಯಾಕ್ಟೀರಿಯಾ ಅದರೊಳಗೆ ಇಳಿದಾಗಿರುತ್ತವೆ. ಗೆಳೆಯ ತೊಟ್ಟಿಯ ಅಂಚಿಗೆ ಬಗ್ಗಿ ನೋಡಿದ, ನನ್ನ ಕಡೆ ತಿರುಗಿದ: "ಅಲ್ಲಲೇ, ಇದು ನಮ್ಮ ದ್ವಾಸಿ ಹಿಟ್ಟಿನ ಲೆಕ್ಕಾನ ಐತಿ!" ಸರಿಯಾಗಿಯೇ ಹೇಳಿದ. ರುಬ್ಬಿಟ್ಟ ದೋಸೆಹಿಟ್ಟಿಗೆ ಯೀಸ್ಟ್ ಹಾಕಿದವರು ಯಾರು? ಅಕ್ಕಿ ಉದ್ದಿನ ಮೇಲೆಯೇ ಇದ್ದ ಬ್ಯಾಕ್ಟೀರಿಯಾ ರಾತ್ರಿ ಕಳೆಯುವುದರೊಳಗೆ ಲ್ಯಾಕ್ಟಿಕ್ ಆಮ್ಲ ಮಾಡಿ ಹಿಟ್ಟನ್ನು ಹುಳಿ ಬರಿಸಿ ಉಬ್ಬಿಸುವುದಿಲ್ಲವೇ? ಇಲ್ಲಿಯೂ ಅದೇ ಕುಲದ ಕೆಲಸಗಾರರಿದ್ದಾರೆ. ನಮ್ಮದು ಬೆಳಗಿನ ತಿಂಡಿಗೆ ತಯಾರು, ಇವರದು ಮೂರು ವರ್ಷಕ್ಕೆ!

ಈ ಧೈರ್ಯದ ಬೆಲೆ ತಿಳಿಯಬೇಕಾದರೆ 1883ನ್ನು ನೆನೆಯಬೇಕು. ಆ ವರ್ಷ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ತಳಿ ಬೆಳೆಸಿ ಬಿಯರಿಗೆ ಬಳಸುವ ದಾರಿ ತೋರಿಸಿದರು. ಜಗತ್ತು ಆ ದಾರಿ ಹಿಡಿಯಿತು. ಮುಚ್ಚಿದ ಟ್ಯಾಂಕು, ಆರಿಸಿದ ಯೀಸ್ಟು, ಪ್ರತಿ ಸಲವೂ ಒಂದೇ ರುಚಿ. ಬ್ರಸೆಲ್ಸ್ ಮತ್ತು ಅದರ ನೈಋತ್ಯಕ್ಕಿರುವ ಪಾಯೊಟೆನ್‌ಲಾಂಡ್‌ನ ಕೆಲವೇ ಮನೆಗಳು ಮಾತ್ರ ಕಿಟಕಿ ತೆರೆದಿಟ್ಟುಕೊಂಡೇ ಉಳಿದವು.

ಹಾಗೆಂದು ಇದು ಬೇಕಾಬಿಟ್ಟಿ ಕೆಲಸ ಎಂದುಕೊಂಡೀರಿ! ಬಿಯರ್ ಕುದಿಸುವುದು ಚಳಿಗಾಲದಲ್ಲಿ ಮಾತ್ರ, ಸುಮಾರು ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಮೊದಲ ವಾರಗಳವರೆಗೆ. ಬೇಸಿಗೆಯ ಗಾಳಿಯಲ್ಲಿ ಬೇಡದ ಬ್ಯಾಕ್ಟೀರಿಯಾ ಹೆಚ್ಚು, ರಾತ್ರಿ ರಸ ತಣಿಯುವುದೂ ಇಲ್ಲ. ಇನ್ನು ಬಿಯರಿಗೆ ಕಹಿ ಕೊಡುವ ಹೂವು, ಹಾಪ್ಸ್. ಎಲ್ಲ ಕಡೆ ಬಿಯರಿಗೆ ತಾಜಾ ಹಾಪ್ಸ್ ಬೇಕು, ಇಲ್ಲಿ ಮೂರು ವರ್ಷ ಹಳೆಯದಾಗಿ ಕಹಿ ಸತ್ತ ಹಾಪ್ಸ್! ಕಹಿ ಹೋದರೂ ಅದರ ಕಾಯುವ ಗುಣ ಹೋಗಿರುವುದಿಲ್ಲ, ಕೆಡಿಸುವ ಬ್ಯಾಕ್ಟೀರಿಯಾಗಳನ್ನು ಅದು ಹದ್ದಿನಲ್ಲಿಡುತ್ತದೆ. ಹುಳಿಯೂ ಕಹಿಯೂ ಒಂದೇ ಗ್ಲಾಸಿನಲ್ಲಿ ಜಗಳವಾಡುವುದೂ ತಪ್ಪುತ್ತದೆ.

ಸರದಿಯ ಊಟ

ಬೆಳಿಗ್ಗೆ ರಸ ಪೀಪಾಯಿ ಸೇರುತ್ತದೆ. ಓಕ್, ಚೆಸ್ಟ್‌ನಟ್ ಮರದ ಪೀಪಾಯಿಗಳು. ಹಲವು ಮೊದಲು ವೈನಿಗೋ ಕೊನ್ಯಾಕಿಗೋ ದುಡಿದು ಬಂದಂಥವು. ಕೆಲವೇ ದಿನಗಳಲ್ಲಿ ಪೀಪಾಯಿಯ ನೆತ್ತಿಯ ತೂತಿನಿಂದ ಕಂದು ನೊರೆ ಉಕ್ಕಿ, ಪಕ್ಕೆಯ ಮೇಲೆ ಹರಿದು, ನೆಲಕ್ಕೆ ತೊಟ್ಟಿಕ್ಕುತ್ತದೆ. ಯಾರೂ ಏನೂ ಹಾಕಿಲ್ಲ, ಆದರೂ ಉಕ್ಕುತ್ತಿದೆ! ಅದು ನಿಂತ ಮೇಲೆ ತೂತಿಗೆ ಬೆಣೆ ಬೀಳುತ್ತದೆ.

ಒಳಗೆ ನಡೆಯುವುದು ಸರದಿಯ ಊಟ. ಮೊದಲ ಪಂಕ್ತಿಯಲ್ಲಿ ಎಂಟೆರೊಬ್ಯಾಕ್ಟೀರಿಯಾ ಮತ್ತು ಕೆಲವು ಕಾಡು ಯೀಸ್ಟು. ಸುಲಭದ ಸಕ್ಕರೆಯನ್ನು ಬಾಚಿ ತಿಂದು, ಹುಳಿ ಮತ್ತು ಮದ್ಯ ಏರುತ್ತಿದ್ದಂತೆ ಅವೇ ಸತ್ತುಹೋಗುತ್ತವೆ. ಎರಡನೆಯ ಪಂಕ್ತಿಗೆ ಸ್ಯಾಕರೊಮೈಸಿಸ್, ಅಂದರೆ ಬ್ರೆಡ್ಡಿನ, ಮಾಮೂಲಿ ಬಿಯರಿನ ಯೀಸ್ಟಿನ ಬಳಗ. ಮದ್ಯದ ಬಹುಪಾಲು ಅದರದೇ ಕೆಲಸ. ಬೇಸಿಗೆ ಬಂದು ಪೀಪಾಯಿ ಬೆಚ್ಚಗಾದಾಗ ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸರದಿ. ಹುಳಿ ಅದರ ಕೊಡುಗೆ. ಆದರೆ ಅದು ಬಿಯರನ್ನು ಲೋಳೆಯನ್ನಾಗಿಯೂ ಮಾಡಿಬಿಡುತ್ತದೆ! ಸುರಿದರೆ ಎಣ್ಣೆ ಜಾರಿದ ಹಾಗೆ ಎಳೆಎಳೆಯಾಗಿ ಇಳಿಯುವ ಬಿಯರ್. ಬೇರೆ ಕಡೆಯಾಗಿದ್ದರೆ ಅದು ನೇರ ಮೋರಿಗೆ. ಇಲ್ಲಿ ಬಿಯರಿಗೆ ಕಾಯಿಲೆ ಬಂದಿದೆ ಎನ್ನುತ್ತಾರೆ, ಕಾಯುತ್ತಾರೆ.

ವೈದ್ಯ ಕೊನೆಯ ಪಂಕ್ತಿಯಲ್ಲಿ ಬರುತ್ತಾನೆ. ಹೆಸರು ಬ್ರೆಟನೊಮೈಸಿಸ್. ಕಾರ್ಲ್ಸ್‌ಬರ್ಗ್‌ನಲ್ಲಿಯೇ ಕೆಲಸ ಮಾಡುತ್ತಿದ್ದ ನೀಲ್ಸ್ ಯೆಲ್ಟೆ ಕ್ಲಾಸೆನ್ 1904ರಲ್ಲಿ ಇಂಗ್ಲೆಂಡಿನ ಬಿಯರಿನಲ್ಲಿ ಗುರುತಿಸಿ ಜಗತ್ತಿಗೆ ಪರಿಚಯಿಸಿದ ಯೀಸ್ಟ್ ಇದು. ವೈನ್ ಮಾಡುವವರು ಇದರ ಹೆಸರೆತ್ತಿದರೆ ಬೆವರುತ್ತಾರೆ, ಏಕೆಂದರೆ ವೈನಿನಲ್ಲಿ ಇದು ಲಾಯದ ವಾಸನೆ ಎಬ್ಬಿಸುತ್ತದೆ. ಲ್ಯಾಂಬಿಕ್‌ಗೆ ಇದೇ ಜೀವ! ಆ ಲೋಳೆಯನ್ನು ಕತ್ತರಿಸಿ ತಿಂದು ಬಿಯರನ್ನು ತಿಳಿಯಾಗಿಸುವುದು ಇದೇ. ಒಣಹುಲ್ಲು, ಚರ್ಮ, ಹಳೆಯ ಮರದ ವಾಸನೆ ಕೊಡುವುದೂ ಇದೇ.

ಈಗ ಗೋಧಿಯ ಗುಟ್ಟು! ಮೊಳಕೆ ಬರಿಸದ ಗೋಧಿಯ ಪಿಷ್ಟ, ಕಲಸುವ ವಿಶೇಷ ಕ್ರಮದಿಂದಾಗಿ, ಪೂರ್ತಿ ಸಕ್ಕರೆಯಾಗದೆ ದೊಡ್ಡ ದೊಡ್ಡ ತುಣುಕುಗಳಾಗಿ ರಸದಲ್ಲಿ ಉಳಿಯುತ್ತದೆ. ಮಾಮೂಲಿ ಯೀಸ್ಟಿನ ಹಲ್ಲಿಗೆ ಅದು ಒಗ್ಗದು. ಬೇರೆ ಬಿಯರುಗಳಲ್ಲಿ ಅದು ಹಾಗೇ ಉಳಿದು ಬಾಯಿಗೆ ಮೈತುಂಬಿದಂತೆ ಅನ್ನಿಸುತ್ತದೆ. ಇಲ್ಲಿ ಅದು ಬುತ್ತಿ. ಬ್ರೆಟನೊಮೈಸಿಸ್ಸೂ ಬ್ಯಾಕ್ಟೀರಿಯಾವೂ ಅದನ್ನು ಒಂದು ವರ್ಷ, ಎರಡು ವರ್ಷ, ಮೂರು ವರ್ಷ ಮೆಲ್ಲಗೆ ಕಡಿಯುತ್ತಾ ಬದುಕುತ್ತವೆ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು: ಸಿಹಿ ತಿಂದವರು ಒಬ್ಬರಲ್ಲ, ಒಂದು ಮದುವೆ ಮನೆಯಷ್ಟು ಜನ!

ಸಾಲು ಸಾಲು ಪೀಪಾಯಿಗಳ ನಡುವೆ ನಡೆಯುವಾಗ ಮೇಲೆ ನೋಡಿ. ಜೇಡರ ಬಲೆ! ಮೂಲೆ ಮೂಲೆಯಲ್ಲಿ, ತೊಲೆಯಿಂದ ತೊಲೆಗೆ. ಗುಡಿಸುವವರಿಲ್ಲವೇ ಎಂದು ಕೇಳಬೇಡಿ, ಗುಡಿಸಿದರೆ ಬೈಗುಳ ಗ್ಯಾರಂಟಿ. ಬೇಸಿಗೆಯಲ್ಲಿ ಹಣ್ಣಿನ ವಾಸನೆಗೆ ನೊಣಗಳು ಮುತ್ತುತ್ತವೆ, ಕೀಟನಾಶಕ ಹೊಡೆದರೆ ಇಲ್ಲಿನ ಜೀವಸಂಸಾರವೇ ಹಾಳು. ಆದ್ದರಿಂದ ನೊಣದ ಖಾತೆಯನ್ನು ಜೇಡರಿಗೆ ಬಿಟ್ಟುಕೊಟ್ಟಿದ್ದಾರೆ. ಇಷ್ಟು ಶಿಸ್ತಿನ ಧೂಳನ್ನು ನಾನು ಎಲ್ಲೂ ಕಂಡಿಲ್ಲ!

ಜುಲೈ ಬಂತು, ಚೆರ್ರಿ ಬಂತು

ಬ್ರಸೆಲ್ಸ್‌ನ ಉತ್ತರಕ್ಕೆ ಅಂಟಿಕೊಂಡ ಸ್ಕಾರ್‌ಬೇಕ್ ಇಂದು ಸಾಲು ಮನೆಗಳ, ಟ್ರ್ಯಾಮುಗಳ ಪೇಟೆ. ಹಿಂದೆ ಅದು ತೋಟಗಳ ಊರು. ಅಲ್ಲಿನ ಸಣ್ಣ, ಕಡುಕೆಂಪು, ಹುಳಿ ಚೆರ್ರಿಯನ್ನು ಕತ್ತೆಗಳ ಬೆನ್ನ ಮೇಲೆ ಹೇರಿ ಬ್ರಸೆಲ್ಸ್ ಸಂತೆಗೆ ತರುತ್ತಿದ್ದರು; ಕತ್ತೆಗಳ ಊರೆಂಬ ಅಡ್ಡಹೆಸರು ಅದಕ್ಕೆ ಇಂದಿಗೂ ಉಳಿದಿದೆ. ಕ್ರೀಕ್‌ಗೆ ಎಲ್ಲಕ್ಕಿಂತ ಒಪ್ಪುವ ಹಣ್ಣು ಅದೇ ಎನ್ನುತ್ತಾರೆ. ಈಗ ಆ ಮರಗಳು ವಿರಳವಾಗಿ, ಹೆಚ್ಚಿನವರು ಬೇರೆ ಊರಿನ, ಬೇರೆ ದೇಶದ ಹುಳಿ ಚೆರ್ರಿ ತರಿಸುತ್ತಾರೆ. ಕೆಲವರು ಮಾತ್ರ ಹಳ್ಳಿಗಳ ಹಿತ್ತಲಿನಲ್ಲಿ ಉಳಿದಿರುವ ಒಂದೊಂದು ಮರದ ಹಣ್ಣನ್ನೂ ಬಿಡದೆ ಕೂಡಿಸುತ್ತಾರೆ.

ಜುಲೈ ಹೊತ್ತಿಗೆ ಚೆರ್ರಿ ಬಂದಿಳಿಯುತ್ತದೆ. ಹಿಂಡುವುದಿಲ್ಲ, ಬೀಜ ತೆಗೆಯುವುದಿಲ್ಲ. ಇಡೀ ಹಣ್ಣುಗಳು ಪೀಪಾಯಿಗೆ, ಮೇಲೆ ವರ್ಷ ದಾಟಿದ ಲ್ಯಾಂಬಿಕ್. ಒಳಗಿನ ಯೀಸ್ಟಿಗೆ ಆ ಹೊತ್ತಿಗೆ ಊಟವೆಂಬುದು ಮುಗಿಯುತ್ತಾ ಬಂದಿರುತ್ತದೆ. ತಲೆಯ ಮೇಲೆ ಏಕಾಏಕಿ ಸಕ್ಕರೆಯ ಮಳೆ! ಮಲಗಿದ್ದ ಪೀಪಾಯಿ ಮತ್ತೆ ಎದ್ದು ಬುಸುಗುಟ್ಟುತ್ತದೆ, ತೂತಿನಿಂದ ಈ ಸಲ ಕೆಂಪು ನೊರೆ ಉಕ್ಕುತ್ತದೆ. ವಾರಗಳು ಉರುಳಿದಂತೆ ಸಿಪ್ಪೆಯ ಬಣ್ಣ ಬಿಯರಿಗೆ ಇಳಿಯುತ್ತದೆ, ತಿರುಳು ಕರಗುತ್ತದೆ, ಸಕ್ಕರೆ ಪೂರ್ತಿ ಖಾಲಿ. ಕೊನೆಗೆ ಬೀಜವನ್ನೂ ಬಿಡುವುದಿಲ್ಲ: ಅದರೊಳಗಿನ ಅಮಿಗ್ಡಲಿನ್ ಒಡೆದು ಬೆಂಜಾಲ್ಡಿಹೈಡ್ ಬಿಡುಗಡೆಯಾಗುತ್ತದೆ. ನನ್ನ ಮೊದಲ ಗುಟುಕಿನಲ್ಲಿ ಬಂದುಹೋದ ಬಾದಾಮಿ ಅದೇ! ಬಾದಾಮಿಯ ಚೂರೂ ಇಲ್ಲದ ಗ್ಲಾಸಿನಲ್ಲಿ ಬಾದಾಮಿ!

ಬಾಟಲಿಗೆ ತುಂಬುವಾಗ ಒಂದಷ್ಟು ಎಳೆಯ ಲ್ಯಾಂಬಿಕ್ ಬೆರೆಸುತ್ತಾರೆ. ಅದರಲ್ಲಿ ಉಳಿದಿರುವ ತುಸು ಸಕ್ಕರೆ ಮುಚ್ಚಿದ ಬಾಟಲಿಯೊಳಗೆ ಹುದುಗಿ ಗುಳ್ಳೆ ಹುಟ್ಟಿಸುತ್ತದೆ. ಶಾಂಪೇನಿನ ಹಾಗೆ ದಪ್ಪ ಗಾಜು, ಬೆಂಡಿನ ಬಿರಡೆ ಬೇಕಾಗುವುದು ಅದಕ್ಕೇ. ಹಣ್ಣು ಹಾಕದೆ ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನೇ ಹದವರಿತು ಬೆರೆಸಿ ಬಾಟಲಿಗೆ ಹಾಕಿದರೆ ಅದು ಗೋಜ್. ಎಳೆಯದು ಸಕ್ಕರೆ ಕೊಡುತ್ತದೆ, ಹಳೆಯದು ವಾಸನೆ ಕೊಡುತ್ತದೆ, ಯಾವ ಪೀಪಾಯಿ ಎಷ್ಟು ಎಂಬುದನ್ನು ತೀರ್ಮಾನಿಸುವುದು ಬೆರೆಸುವವರ ನಾಲಿಗೆ.

ಸಿಹಿ ತೆಗೆದ ಮೇಲೆ

ಇಷ್ಟು ತಿಳಿದು ಮತ್ತೆ ಗ್ಲಾಸಿಗೆ ಬಂದರೆ ಅದೇ ಬಿಯರ್ ಬೇರೆಯಾಗಿ ಕಾಣುತ್ತದೆ! ಎರಡನೆಯ ಗುಟುಕಿಗೆ ಹುಳಿ ಬೆಚ್ಚಿಬೀಳಿಸುವುದಿಲ್ಲ. ನಾಲ್ಕನೆಯದಕ್ಕೆ ಬಾಯಿ ಅದನ್ನೇ ಬೇಡುತ್ತದೆ. ಗ್ಲಾಸು ಸ್ವಲ್ಪ ಬೆಚ್ಚಗಾಗಲು ಬಿಟ್ಟರೆ ಚೆರ್ರಿಯ ತಿರುಳು, ಸಿಪ್ಪೆ, ಬೀಜ ಮೂರೂ ಬೇರೆ ಬೇರೆಯಾಗಿ ನಾಲಿಗೆಗೆ ಸಿಗತೊಡಗುತ್ತವೆ. ಹಣ್ಣು ತಿನ್ನುವಾಗ ಇವು ಎಲ್ಲಿದ್ದವು? ಸಕ್ಕರೆಯ ಹಿಂದೆ! ಬಾಯಿಗೆ ಸಿಹಿ ಸಿಕ್ಕಿದ ಕೂಡಲೇ ನಾವು ಹುಡುಕುವುದನ್ನು ನಿಲ್ಲಿಸಿಬಿಡುತ್ತೇವೆ. ಸಿಹಿಯನ್ನು ಯಾರೋ ತಿಂದು ಮುಗಿಸಿದ ಮೇಲೆ ಹಣ್ಣು ತನ್ನಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ತೆಗೆದು ತೋರಿಸುತ್ತದೆ.

ನಂಬಿಕೆ ಬರದಿದ್ದರೆ ಮುಂದಿನ ಬಾಟಲಿಗಳಿವೆ. ರಾಸ್ಪ್‌ಬೆರಿ ಹಾಕಿದ ರೋಸೆ ದ ಗಾಂಬ್ರಿನಸ್: ಚೆರ್ರಿಗಿಂತ ತೆಳು, ಚೂಪು, ಹೂವಿನ ವಾಸನೆ. ಏಪ್ರಿಕಾಟ್ ಹಾಕಿದ ಫೂ ಫೂನ್: ಬಂಗಾರದ ಬಣ್ಣ, ಮೂಗಿನ ತುಂಬ ಮಾಗಿದ ಹಣ್ಣು, ನಾಲಿಗೆಯ ಮೇಲೆ ಕತ್ತಿಯಲಗಿನ ಹುಳಿ, ಮೂಗು ನಾಲಿಗೆ ಎರಡೂ ಒಂದನ್ನೊಂದು ಸುಳ್ಳು ಎನ್ನುವಂಥ ಬಿಯರ್! ಮಸ್ಕಟ್ ದ್ರಾಕ್ಷಿಯ ವಿನ್ಯರಾನ್, ಮೆರ್ಲೊ ದ್ರಾಕ್ಷಿಯ ಸ್ಯಾಂ ಲಾಂವಿನಸ್. ಕೊನೆಯದನ್ನು ಕಣ್ಣು ಕಟ್ಟಿ ಕೊಟ್ಟರೆ ಬಿಯರೋ ವೈನೋ ಹೇಳುವುದು ಕಷ್ಟ. ನೆಲ ಗೋಧಿ-ಬಾರ್ಲಿಯದೇ, ಜೀವಿಗಳು ಅವೇ. ಹಣ್ಣು ಬದಲಾದರೆ ಊರೇ ಬದಲಾಗುತ್ತದೆ.

ಹುಳಿ ಎಲ್ಲರಿಗೂ ಒಗ್ಗುತ್ತಿತ್ತು ಎಂದಲ್ಲ. ಹಳೆಯ ಬ್ರಸೆಲ್ಸ್ ಕೆಫೆಗಳಲ್ಲಿ ಲ್ಯಾಂಬಿಕ್ ಜೊತೆ ಸಕ್ಕರೆ ಅಚ್ಚನ್ನೂ ಅದನ್ನು ಗ್ಲಾಸಿನಲ್ಲೇ ಕುಟ್ಟಿ ಕರಗಿಸುವ ಸಣ್ಣ ಕುಟ್ಟಾಣಿಯನ್ನೂ ಕೊಡುತ್ತಿದ್ದರು. ಇಂದು ಅಂಗಡಿಗಳಲ್ಲಿ ಸಿಗುವ ಎಷ್ಟೋ ಕ್ರೀಕ್‌ಗಳು ಸಿಹಿ ಸೇರಿಸಿದವು, ಹಣ್ಣಿನ ರಸ ಬೆರೆಸಿದವು. ತಂಪಾಗಿ ಕುಡಿಯಲು ಅವೂ ಹಿತವೇ. ಹಳೆಯ ಕ್ರಮದ್ದೇ ಬೇಕಾದರೆ ಚೀಟಿಯ ಮೇಲೆ 'ಔಡ ಕ್ರೀಕ್' ಎಂದಿದೆಯೇ ನೋಡಬೇಕು; ಐರೋಪ್ಯ ಒಕ್ಕೂಟದ ನಿಯಮ ಆ ಹೆಸರನ್ನು ಸಾಂಪ್ರದಾಯಿಕ ಕ್ರಮಕ್ಕೆ ಮೀಸಲಿಟ್ಟಿದೆ. ಕಾಂತಿಯೋನ್ ಮಾತ್ರ ಆ ಮಾತನ್ನು ಚೀಟಿಯಲ್ಲಿ ಹಾಕದೆಯೇ ಹಳೆಯ ಕ್ರಮ ನಡೆಸುತ್ತಿದೆ.

ಗಾಳಿಯನ್ನು ನಂಬಿದವರು

ಗಾಳಿ, ಕಾಲ, ಉಷ್ಣ ಇವುಗಳನ್ನು ನಂಬಿ ಬದುಕುವುದು ಸುಲಭವಲ್ಲ. 2009ರಲ್ಲಿ ಬ್ರಸೆಲ್ಸ್‌ಗೆ ಹತ್ತಿರದ ಬೇರ್ಸೆಲ್‌ನ 3 ಫೊಂಟೈನನ್ ಬಿಯರ್ ಮನೆಯಲ್ಲಿ ಬಾಟಲಿಗಳನ್ನು ಬೆಚ್ಚಗಿಡುವ ಕೋಣೆಯ ಥರ್ಮೋಸ್ಟಾಟ್ ಕೆಟ್ಟಿತು. ಬಿಸಿಗಾಳಿ ನಿಲ್ಲಲೇ ಇಲ್ಲ. ಸಾವಿರಾರು ಬಾಟಲಿಗಳು ಸಿಡಿದವು, ಉಳಿದವು ಒಳಗೇ ಬೆಂದವು. ಸುಮಾರು 80,000 ಬಾಟಲಿ ನಷ್ಟ. ಯಜಮಾನ ಅರ್ಮಾಂಡ್ ಡೆಬೆಲ್ಡರ್ ಏನು ಮಾಡಿದರು? ಕೆಟ್ಟ ಬಿಯರನ್ನು ಬಾಟಲಿ ಬಾಟಲಿಯಾಗಿ ತೆರೆದು, ನೆರವಿಗೆ ಓಡಿಬಂದವರೊಡನೆ ಸುರಿದು, ಬಟ್ಟಿ ಇಳಿಸಿ ಮದ್ಯ ಮಾಡಿ ಮಾರಿದರು! ಬೇರೆಯವರು ಕುದಿಸಿದ ಲ್ಯಾಂಬಿಕ್ ಕೊಂಡು ಬೆರೆಸುತ್ತಾ ನಿಂತರು, ಕೆಲವು ವರ್ಷಗಳಲ್ಲಿ ಮತ್ತೆ ಸ್ವತಃ ಕುದಿಸಲು ಶುರುಮಾಡಿದರು. 2022ರಲ್ಲಿ ಅವರು ತೀರಿಕೊಂಡಾಗ ಲ್ಯಾಂಬಿಕ್ ಲೋಕವೇ ಮರುಗಿತು.

ಥರ್ಮೋಸ್ಟಾಟ್ ರಿಪೇರಿ ಮಾಡಬಹುದು, ಚಳಿಗಾಲವನ್ನು ಮಾಡಲಾಗದು. 2015ರ ನವೆಂಬರಿನಲ್ಲಿ ಬ್ರಸೆಲ್ಸ್‌ನ ರಾತ್ರಿಗಳು ಎಷ್ಟು ಬೆಚ್ಚಗಿದ್ದವೆಂದರೆ ಕಾಂತಿಯೋನ್ ಕುದಿಸುವುದನ್ನೇ ನಿಲ್ಲಿಸಬೇಕಾಯಿತು. ಯಂತ್ರ ಇಟ್ಟು ರಸವನ್ನು ತಣಿಸಬಹುದಲ್ಲ ಎನ್ನಬಹುದು. ಆಗ ಗಾಳಿಯಿಂದ ಇಳಿಯುವವರು ಯಾರು? ಚಳಿ ಬೇಕಾಗಿರುವುದು ರಸಕ್ಕೆ ಮಾತ್ರವಲ್ಲ, ಅತಿಥಿಗಳನ್ನು ಆರಿಸುವುದಕ್ಕೂ. ಕುದಿಸುವ ದಿನಗಳು ಕಡಿಮೆಯಾದಷ್ಟೂ ಮೂರು ವರ್ಷದ ನಂತರದ ಪೀಪಾಯಿಗಳೂ ಕಡಿಮೆ.

ಹೋಗುವವರಿಗೆ

ಬ್ರಸೆಲ್ಸ್‌ಗೆ ಹೋದರೆ, ಅಥವಾ ಅಲ್ಲಿ ನೌಕರಿಯಲ್ಲಿರುವ ನಂಟರ ಮನೆಗೆ ಹೋದರೆ, ಮಿಡಿ ರೈಲು ನಿಲ್ದಾಣದಿಂದ ಕಾಂತಿಯೋನ್‌ಗೆ ನಡೆದೇ ಹೋಗಬಹುದು. 1978ರಲ್ಲಿ ಆಗಿನ ಯಜಮಾನ ಜಾನ್-ಪಿಯರ್ ವಾನ್ ರಾಯ್ ಬಿಯರ್ ಮನೆಯನ್ನೇ ಮ್ಯೂಸಿಯಂ ಆಗಿಯೂ ತೆರೆದರು. ಈಗ ಕುದಿಸುವುದು ಮಗ ಜಾನ್ ವಾನ್ ರಾಯ್. ಚಳಿಗಾಲದಲ್ಲಿ ಹೋದರೆ ಬೆಲ್ಟುಗಳ ಮೇಲೆ ತಿರುಗುವ ಹಳೆಯ ಯಂತ್ರಗಳು, ಹಬೆ, ನೊರೆ ಎಲ್ಲವನ್ನೂ ಕೆಲಸದ ನಡುವೆಯೇ ನೋಡುವ ಭಾಗ್ಯ ಸಿಕ್ಕೀತು. ಬೇಸಿಗೆಯಲ್ಲಿ ಹೋದರೆ ಮೂಗಿಗೇ ಹಬ್ಬ.

ಕುಡಿಯುವಾಗ ಫ್ರಿಜ್ಜಿನ ಚಳಿ ಬೇಡ, ನೆಲಮಾಳಿಗೆಯ ತಂಪು ಸಾಕು. ಮಂಜುಗಡ್ಡೆಯಂತಾದರೆ ಹುಳಿ ಮಾತ್ರ ಉಳಿದು ಹಣ್ಣು ಅಡಗಿಬಿಡುತ್ತದೆ. ಬಾಟಲಿಯ ತಳದ ಗಷ್ಟಿನಲ್ಲಿರುವುದು ಯೀಸ್ಟ್. ಅಲುಗಿಸದೆ, ಬಗ್ಗಿಸಿದ್ದನ್ನು ಮತ್ತೆ ನೆಟ್ಟಗೆ ಮಾಡದೆ ಸುರಿಯಬೇಕು. ಒಂದು ಬಾಟಲಿಯನ್ನು ನಾಲ್ಕು ಜನ ಹಂಚಿಕೊಂಡರೆ ಇನ್ನೂ ಮೂರು ಬಗೆ ನೋಡಲು ಜಾಗ ಉಳಿಯುತ್ತದೆ. ಮನೆಗೆ ಒಂದೆರಡು ತಂದರೆ ಈ ಲೆಕ್ಕ ನೆನಪಿರಲಿ: ಗೋಜ್ ಆದರೆ ತಂಪಾದ ಕತ್ತಲಲ್ಲಿ ಮಲಗಿಸಿಡಿ, 20 ವರ್ಷವಾದರೂ ಅದು ಬೆಳೆಯುತ್ತಲೇ ಇರುತ್ತದೆ. ಹಣ್ಣಿನದಾದರೆ ಕೂಡಿಡುವ ಆಸೆ ಬೇಡವೇ ಬೇಡ, ಬೇಗ ತೆರೆಯಿರಿ! ಬಾಟಲಿಯೊಳಗೂ ಊಟ ಮುಗಿದಿಲ್ಲ. ಸಿಹಿ ತಿಂದವರು ಅಲ್ಲೇ ಇದ್ದಾರೆ, ವರ್ಷ ಕಳೆದಂತೆ ಹಣ್ಣಿನ ಘಮವನ್ನೂ ಮುಗಿಸುತ್ತಾರೆ.